ಅಜ್ಜನ ಬೆರಳು ತಿದ್ದದ ಫೋಟೋ ಅಂಗಡಿ

ಮೊದಲೇ ಹೇಳಿಬಿಡ್ತೀನಿ, ಅಂಗಡಿ ಹೆಸರು ಹಾಕ್ತಾ ಇಲ್ಲ. ‘ನಿಮ್ಮ ಬಗ್ಗೆ ಬರೀಲಾ ಸಾರ್?’ ಅಂತ ಕೇಳಿದ್ದಕ್ಕೆ ಮಾಲೀಕರು, ‘ಬರೀರಿ, ಹೆಸರು ಮಾತ್ರ ಬೇಡಮ್ಮ, ಇರೋ ಕೆಲಸಾನೇ ಮುಗೀತಿಲ್ಲ’ ಅಂದ್ರು. ಚಿಕ್ಕಮಗಳೂರಿನವರಿಗೆ ಇಷ್ಟು ಗುರುತು ಸಾಕು ಅನ್ಕೊಂಡಿದ್ದೀನಿ: ಎಂ.ಜಿ. ರಸ್ತೆಯಿಂದ ಒಳಗೆ ತಿರುಗೋ ಗಲ್ಲಿ, ಕೆಳಗೆ ಪಾತ್ರೆ ಅಂಗಡಿ, ಮೇಲೆ ಹತ್ತೋಕೆ ಏಣಿಯಷ್ಟು ಕಡಿದಾದ ಮೆಟ್ಟಿಲು. ಬೋರ್ಡಿನಲ್ಲಿ ‘ಪಾಸ್‌ಪೋರ್ಟ್ ಫೋಟೋ 5 ನಿಮಿಷ’ ಅಂತಷ್ಟೇ ಇದೆ. ಹಳೇ ಫೋಟೋ ಸರಿ ಮಾಡ್ತಾರೆ ಅಂತ ಎಲ್ಲೂ ಬರೆದಿಲ್ಲ.

ನಾನು ಟೈಲರ್. ಬಸವನಹಳ್ಳಿ ಕಡೆ 22 ವರ್ಷದಿಂದ ಬ್ಲೌಸ್, ಚೂಡಿದಾರ್, ಶಾಲೆ ಯೂನಿಫಾರ್ಮ್ ಹೊಲೀತಾ ಇದ್ದೀನಿ. ಹಾಗಾಗಿ ಯಾರ ಕೆಲಸ ನೋಡಿದರೂ ಮೊದಲು ಒಳಹೊಲಿಗೆ ನೋಡೋ ಅಭ್ಯಾಸ. ಈ ಅಂಗಡಿಯವರ ಒಳಹೊಲಿಗೆ ಚೆನ್ನಾಗಿದೆ. ಟೈಮು ಮಾತ್ರ ಕೇಳಬೇಡಿ. ಹತ್ತು ದಿನ ಅಂದವರು ದೀಪಾವಳಿಗೆ ಇಸ್ಕೊಂಡು ಸಂಕ್ರಾಂತಿ ಕಳೆದ ಮೇಲೆ ಕೊಟ್ಟರು. ‘ನಾಳೆ ಬನ್ನಿ’ ಅನ್ನೋದು ನನ್ನ ಬಾಯಲ್ಲೂ ದಿನಾ ಬರೋ ಮಾತೇ ಆಗಿರೋದರಿಂದ ಜಾಸ್ತಿ ಬೈಯಲ್ಲ.

ಫೋಟೋ ಸಿಕ್ಕಿದ್ದು ಆಲ್ದೂರಿನಲ್ಲಿ, ದೊಡ್ಡಮ್ಮನ ಮನೇಲಿ. ಹಬ್ಬಕ್ಕೆ ಸುಣ್ಣ ಹೊಡೆಸುವಾಗ ದೇವರ ಗೂಡಿನಿಂದ ಶಾರದಮ್ಮನ ಪಟ ಬಿದ್ದು ಗಾಜು ಒಡೀತು. ಹಿಂದಿನ ಹಲಗೆ ತೆಗೆದರೆ, ದೇವರ ಪಟಕ್ಕೂ ಹಲಗೆಗೂ ಮಧ್ಯೆ ಒತ್ತಾಸೆಗೆ ಅಂತ ಇಟ್ಟಿದ್ದ ಇನ್ನೊಂದು ಕಾಗದ. ದಪ್ಪ ಕಾಗದ, ಸುತ್ತ ಬಿಳಿ ಅಂಚು, ಅಂಚೆಲ್ಲ ಇಲಿ ಕಡಿದ ಹಾಗೆ ವಂಕಿ ವಂಕಿ. (ಇಲಿ ಅಲ್ಲ, ಆಗಿನ ಕಾಲದಲ್ಲಿ ಫೋಟೋ ಅಂಚನ್ನ ಹಾಗೇ ಕತ್ತರಿಸ್ತಿದ್ರಂತೆ. ಅದೊಂದು ಫ್ಯಾಷನ್ನು.) ತಿರುಗಿಸಿ ನೋಡಿದರೆ ಕಾಫಿ ತೋಟದ ಆಳುಗಳು. ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಜಾಗ) ಮುಂದೆ ಕಣದಲ್ಲಿ ಸಾಲಾಗಿ ಕೂತವರು, ನಿಂತವರು, ಒಟ್ಟು 24 ಜನ. ಕೆಲವರ ತಲೆ ಮೇಲೆ ಕಂಬಳಿ ಕೊಪ್ಪೆ, ಹೆಂಗಸರ ಕಂಕುಳಲ್ಲಿ ಕುಕ್ಕೆ, ಗೋಡೆಗೆ ಒರಗಿಸಿಟ್ಟ ಎರಡು ಗೊರಬು, ಮಳೆಗೆ ತಲೆ ಮೇಲೆ ಹಾಕ್ಕೊಳ್ಳೋದು. ಮಧ್ಯದಲ್ಲಿ ಕುರ್ಚಿ ಮೇಲೆ ಕೋಟು ಹಾಕ್ಕೊಂಡ ರೈಟರು, ಅಂದ್ರೆ ತೋಟದ ಲೆಕ್ಕ ಬರೆಯೋರು. ಒಂದು ತಲೆ ಮೇಲೆ ಯಾರೋ ನೀಲಿ ಶಾಯಿಯಲ್ಲಿ ಸಣ್ಣ ಗೀಟು ಎಳೆದಿದ್ದರು.

ಅಮ್ಮ ನೋಡಿದ ತಕ್ಷಣ ಮುಂದಿನ ಸಾಲಲ್ಲಿ ಬಲಗಡೆಯಿಂದ ಎರಡನೆಯವರ ಮೇಲೆ ಬೆರಳಿಟ್ಟರು. ‘ಅಪ್ಪ.’

ಅಮ್ಮನ ಅಪ್ಪ, ನನ್ನಜ್ಜ, ಕಡೂರು ಕಡೆಯ ಬಯಲುಸೀಮೆಯವರು. ಮಳೆ ಕೈಕೊಟ್ಟ ವರ್ಷ ತೋಟಕ್ಕೆ ಆಳು ಸೇರಿಸೋ ಮೇಸ್ತ್ರಿ ಹತ್ತಿರ ಮುಂಗಡ ಇಸ್ಕೊಂಡು ಕುಯ್ಲಿಗೆ ಅಂತ ಮಲೆನಾಡಿಗೆ ಬಂದವರು ವಾಪಸ್ ಹೋಗಲಿಲ್ಲ. ತೋಟದ ಆಳುಗಳಿಗೆ ಅಂತ ಸಾಲಾಗಿ ಕಟ್ಟಿದ ಲೈನ್ ಮನೇಲೇ ಸಂಸಾರ, ಅಲ್ಲೇ ಮೂರು ಮಕ್ಕಳು. ಅವರದು ಒಂದೇ ಒಂದು ಫೋಟೋನೂ ನಮ್ಮ ಹತ್ತಿರ ಇರಲಿಲ್ಲ. ಜಮೀನಿದ್ದವರ ಅಜ್ಜ ಮುತ್ತಾತ ಪಹಣಿಯಲ್ಲಿ, ಖಾತೆಯಲ್ಲಿ, ಕೋರ್ಟು ಕಾಗದದಲ್ಲಿ ಸಿಕ್ತಾರೆ. ಕೂಲಿಯವರು ಇರೋದು ಹಾಜರಿ ಪುಸ್ತಕದಲ್ಲಿ, ಅದೂ ಬರೀ ಹೆಸರು, ಮುಂದೊಂದು ಗೀಟು. ಆ ಪುಸ್ತಕ ಗೆದ್ದಲು ತಿಂದರೆ ಮುಗೀತು.

ಆದರೆ ಮಾವ ಒಪ್ಪಲಿಲ್ಲ. ಅಮ್ಮನ ತಮ್ಮ, ಕಾಫಿ ಕ್ಯೂರಿಂಗ್‌ನಲ್ಲಿ (ತೋಟದಿಂದ ಬಂದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸೋ ಕಡೆ) ಕೆಲಸ ಮಾಡಿ ರಿಟೈರ್ ಆದವರು. ಯಾವುದನ್ನೂ ತೂಕ ಹಾಕದೆ ಒಪ್ಪಲ್ಲ. ಮರಗಸಿ ಮಾಡುವಾಗ, ಅಂದ್ರೆ ತೋಟದ ನೆರಳು ಮರದ ಕೊಂಬೆ ಕಡಿಯುವಾಗ, ಕತ್ತಿ ಜಾರಿ ಅಜ್ಜನ ಎಡಗೈ ತೋರುಬೆರಳು ಅರ್ಧಕ್ಕೆ ಹೋಗಿತ್ತು. ಅದು ಮನೇಲೆಲ್ಲ ಗೊತ್ತಿರೋ ವಿಷಯ. ಮೊಬೈಲಲ್ಲಿ ದೊಡ್ಡದು ಮಾಡಿ ನೋಡಿದರೆ ಫೋಟೋದಲ್ಲಿರೋ ಮನುಷ್ಯನಿಗೂ ಒಂದು ಬೆರಳು ಮೋಟು. ಆದರೆ ಬಲಗೈದು. ‘ಬಲಗೈಲಿ ಕತ್ತಿ ಹಿಡಿಯೋನಿಗೆ ಹೋಗೋದು ಎಡಗೈ ಬೆರಳು ಕಣಕ್ಕ. ಇವನ್ಯಾರೋ ಎಡಚ. ನಮ್ಮಪ್ಪ ಅಲ್ಲ’ ಅಂದುಬಿಟ್ಟರು. ಅಮ್ಮ ಎರಡು ದಿನ ಅವರ ಜೊತೆ ಮಾತಾಡಲಿಲ್ಲ.

ಸರಿ, ಫೋಟೋ ಕ್ಲೀನ್ ಮಾಡಿಸೋಣ, ಆಮೇಲೆ ನೋಡೋಣ ಅಂತ ನಾನು ಮೊದಲು ಹೋಗಿದ್ದು ಬೇರೆ ಒಂದು ಕಡೆಗೆ. ಎ.ಸಿ. ರೂಮು, ಗಾಜಿನ ಬಾಗಿಲು. 900 ರೂಪಾಯಿ, ಒಂದೇ ದಿನ, ಕಲರ್ ಸಮೇತ. ಸಂಜೆ ಕೈಗೆ ಕೊಟ್ಟಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. 24 ಜನರೂ ಬೆಳ್ಳಗೆ ಗುಂಡಗೆ ಆಗಿದ್ದರು, ಆರೇಳು ಜನಕ್ಕೆ ಒಂದೇ ಮೂಗು. ಕಂಬಳಿ ನೀಲಿ ಜಾಕೆಟ್ ಆಗಿತ್ತು. ಗೊರಬು ಮಾಯವಾಗಿ ಗೋಡೆ ಇತ್ತು. ಅಜ್ಜನ ಕೈ ನೋಡಿದೆ. ಐದೂ ಬೆರಳು ಇದ್ದವು, ಉಗುರಿನ ಸಮೇತ. ‘ಎಐ ಮಾಡಿರೋದು ಮೇಡಂ, ಡ್ಯಾಮೇಜ್ ಆಗಿದ್ದ ಕಡೆ ತಾನೇ ಫಿಲ್ ಮಾಡುತ್ತೆ’ ಅಂದ ಹುಡುಗ. ಅವನ ತಪ್ಪೇನಿಲ್ಲ. ಬ್ಲೌಸ್ ಅಳತೆ ತಗೊಳ್ಳದೆ ಹೊಲಿದ ಹಾಗೆ ಅಷ್ಟೇ: ಯಾರಿಗೋ ಸರಿಹೋಗುತ್ತೆ, ತಂದವರಿಗಲ್ಲ.

ಆಮೇಲೆ ನನ್ನ ಗಿರಾಕಿಯೊಬ್ಬರು ಹೇಳಿದ್ದು ಈ ಮೆಟ್ಟಿಲಿನ ಅಂಗಡಿ.

ಮಾಲೀಕರಿಗೆ ಅರವತ್ತು ದಾಟಿದೆ. ಕೌಂಟರ್ ಹಿಂದೆ ಪಾಸ್‌ಪೋರ್ಟ್ ಫೋಟೋಗೆ ನೀಲಿ ಪರದೆ, ಅದರಾಚೆ ಒಂದು ಸಣ್ಣ ಕೋಣೆ. ಮುಂಚೆ ಅದು ಫೋಟೋ ತೊಳೆಯೋ ಡಾರ್ಕ್‌ರೂಮು, ಈಗ ಸ್ಕ್ಯಾನರ್ರು, ಕಂಪ್ಯೂಟರ್ರು. ಬಾಗಿಲ ಮೇಲಿನ ಕೆಂಪು ಬಲ್ಬು ಮಾತ್ರ ಇನ್ನೂ ಹಾಗೇ ಇದೆ. ಉರಿಯಲ್ಲ. ಕಾಫಿ ನಾಡಿನ ನಡುಮಧ್ಯೆ ಕೂತು ಗಿರಾಕಿಗಳಿಗೆ ಟೀ ತರಿಸೋ ಮನುಷ್ಯ, ಅದೊಂದು ಮೈನಸ್ ಪಾಯಿಂಟು.

ನಾನು ಫೋಟೋ ಚೀಲದಿಂದ ತೆಗೆಯೋಕೆ ಹೋದರೆ ಕೈ ಅಡ್ಡ ಹಿಡಿದರು. ಮೊದಲು ಟೇಬಲ್ ಒರೆಸಿ, ಬಿಳಿ ಕಾಗದ ಹಾಸಿ, ಅಂಚು ಹಿಡಿದು ತಾವೇ ಇಳಿಸಿದರು. ಮೂಲೆಯಲ್ಲಿ ಶಾರದಮ್ಮನ ಪಟದ್ದು ಒಂದು ಚೂರು, ಹೆಬ್ಬೆಟ್ಟಿನಷ್ಟು, ಅಂಟಿಕೊಂಡು ಬಂದಿತ್ತು. ಕೀಳ್ತೀರಾ ಅಂತ ಕೇಳಿದೆ. ‘ಕೀಳಲ್ಲ. ಫೋಟೋ ಮೇಲಿರೋದು ಜೆಲಟಿನ್ ಪದರ. ಮಲೆನಾಡಿನ ತೇವಕ್ಕೆ ಉಬ್ಬಿ ಅಂಟಾಗುತ್ತೆ, ಒಣಗಿದ ಮೇಲೆ ಎಳೆದರೆ ಚಿತ್ರಾನೇ ಕಿತ್ತು ಬರುತ್ತೆ. ಗಾಜಿಗೆ ಅಂಟಿದ್ರೂ ಅಷ್ಟೇ, ಗಾಜಿನ ಸಮೇತ ಸ್ಕ್ಯಾನ್ ಮಾಡೋದು ಒಳ್ಳೇದು’ ಅಂದ್ರು. ಕಪ್ಪು ಜಾಗದಲ್ಲೆಲ್ಲ ಅಂಚಿನ ಹತ್ತಿರ ಪಾದರಸ ಬಳಿದ ಹಾಗೆ ಹೊಳೀತಿತ್ತು. ಅದು ಕೊಳೆ ಅಲ್ವಂತೆ. ಚಿತ್ರ ಮೂಡಿರೋದೇ ಬೆಳ್ಳಿಯಿಂದ, ವರ್ಷಗಟ್ಟಲೆ ಗಾಳಿ ತೇವ ತಾಗಿ ಆ ಬೆಳ್ಳಿ ಮೇಲಕ್ಕೆ ಬರುತ್ತಂತೆ. ‘ಬಟ್ಟೆ ತಗೊಂಡು ಉಜ್ಜಿಲ್ಲ ತಾನೆ?’ ಅಂತ ನನ್ನನ್ನೇ ಗುಮಾನಿಯಿಂದ ನೋಡಿದರು. ಉಜ್ಜಿರಲಿಲ್ಲ. ಉಜ್ಜೋಕೆ ಹೊರಟಿದ್ದೆ.

ಸ್ಕ್ಯಾನ್‌ಗೆ 150 ರೂಪಾಯಿ. ಫೋಟೋ ಇರೋದು ಆರೂವರೆ ಇಂಚು ಉದ್ದ, ಐದಿಂಚಿಗೆ ಸ್ವಲ್ಪ ಕಮ್ಮಿ ಅಗಲ. ಇಂಚಿಗೆ 1200 ಚುಕ್ಕಿಯ ಲೆಕ್ಕದಲ್ಲಿ ಮಾಡ್ತೀನಿ, ಉದ್ದಕ್ಕೆ 7800 ಚುಕ್ಕಿ ಸಿಗುತ್ತೆ, ಮುಖ ಅಕ್ಕಿಕಾಳಿನಷ್ಟಿದ್ದರೂ ದೊಡ್ಡದು ಮಾಡಿ ನೋಡಬಹುದು ಅಂದ್ರು. ನಾನು ಆ ಕಲರ್ ಪ್ರಿಂಟ್ ತೋರಿಸಿ, ಬೆರಳಿನ ಕಥೆ ಹೇಳಿದೆ. ಅವರು ಕನ್ನಡಕ ಮೇಲೆತ್ತಿ ನೋಡಿ, ಏನೂ ಅನ್ನದೆ ಮಗುಚಿಟ್ಟರು. ‘ಕಾಗದಕ್ಕೆ ಆಗಿರೋದನ್ನ ಸರಿ ಮಾಡ್ತೀನಮ್ಮ. ಮನುಷ್ಯರಿಗೆ ಆಗಿರೋದನ್ನ ಮುಟ್ಟಲ್ಲ.’

ಈ ಮಾತನ್ನ ಅವರು ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದಾರೆ ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. ಫೋಟೋದ ಅಂಚಲ್ಲಿ ಒಂದು ಮರದ ಕೊಂಬೆ ಇದೆ, ಅದರಿಂದ ಇಳಿಬಿದ್ದ ಸೀರೆ ಜೋಲಿ. ಇಡೀ ಫೋಟೋದಲ್ಲಿ ಎಲ್ಲ ಸ್ಪಷ್ಟ, ಗೋಡೆಯ ಬಿರುಕು ಸಹ ಕಾಣುತ್ತೆ, ಆ ಜೋಲಿ ಒಂದು ಮಾತ್ರ ಹೊಗೆ ಥರ ಮಸುಕು. ಇದನ್ನೂ ಶಾರ್ಪ್ ಮಾಡಿಬಿಡಿ ಸಾರ್ ಅಂದೆ. ‘ಅದು ಕೆಟ್ಟಿಲ್ಲ. ಷಟರ್ ತೆರೆದಿದ್ದಾಗ ಅದು ಅಲ್ಲಾಡ್ತಾ ಇತ್ತು. ಯಾರೋ ಆಗ ತಾನೇ ತೂಗಿ ಬಂದು ಸಾಲಲ್ಲಿ ಕೂತಿದ್ದಾರೆ ನೋಡಿ. ಶಾರ್ಪ್ ಮಾಡಿದರೆ ಬರೀ ಬಟ್ಟೆ ಆಗುತ್ತೆ’ ಅಂದ್ರು. ನಾನು ಅಲ್ಲಿಂದ ಬಂದು ಎರಡು ದಿನ ಸಾಲಲ್ಲಿ ಕೂತ ಹೆಂಗಸರ ಮುಖವನ್ನೇ ನೋಡಿದ್ದೀನಿ, ಯಾರು ತೂಗಿದ್ದು ಅಂತ.

ಮೂರನೇ ವಾರ ಫೋನ್ ಮಾಡಿದರು. ‘ಅಮ್ಮ, ಬಿಡುವಿದ್ರೆ ಬನ್ನಿ. ಒಂದು ತೋರಿಸಬೇಕು.’

ಸ್ಕ್ರೀನ್ ಮೇಲೆ ರೈಟರ ಎದೆ ಇತ್ತು, ಬರೀ ಎದೆ, ಬಾಗಿಲಿನಷ್ಟು ದೊಡ್ಡದಾಗಿ. ಕೋಟಿನ ಜೇಬಲ್ಲಿ ಪೆನ್ನು. ‘ಪೆನ್ನು ಯಾವ ಕಡೆ ಇದೆ?’ ಬಲಗಡೆ. ‘ಜೇಬು ಯಾವ ಕಡೆ ಇಡ್ತೀರಿ ನೀವು?’

ಆಗ ನನಗೆ ಕಂಡಿದ್ದು ಜೇಬಲ್ಲ, ಗುಂಡಿ. ಗಂಡಸರ ಅಂಗಿಗೆ, ಕೋಟಿಗೆ ಕಾಜಾ ಎಡಪಟ್ಟಿಗೆ ಬರುತ್ತೆ, ಗುಂಡಿ ಬಲಪಟ್ಟಿಗೆ. ಹೆಂಗಸರದಕ್ಕೆ ಉಲ್ಟಾ. ರೈಟರ ಕೋಟಿನಲ್ಲಿ ಬಲಪಟ್ಟಿ ಎಡಪಟ್ಟಿಯ ಮೇಲೆ ಕೂತಿತ್ತು, ಹೆಂಗಸರ ಜಾಕೀಟಿನ ಹಾಗೆ. 22 ವರ್ಷ ಕಾಜಾ ಹೊಡೆದಿದ್ದೀನಿ. ಒಂದು ತಿಂಗಳು ಆ ಫೋಟೋ ನನ್ನ ಮಷೀನ್ ಪಕ್ಕದಲ್ಲೇ ಇತ್ತು. ಕಾಣಲಿಲ್ಲ ನೋಡಿ!

ಫೋಟೋ ಉಲ್ಟಾ. ಎಡ ಬಲ ಆಗಿದೆ, ಬಲ ಎಡ ಆಗಿದೆ.

ಅವರು ಇನ್ನೊಂದು ಜಾಗಕ್ಕೆ ಹೋದರು. ಗೋಡೆ ಪಕ್ಕ ಗೋಣಿಚೀಲದ ಸಾಲು, ಬೂಷ್ಟು ಹಿಡಿದು ಬರೀ ಕಲೆ ಅನ್ಕೊಂಡಿದ್ದ ಜಾಗ. ಆ ಕಲೆಯನ್ನ ಚುಕ್ಕಿ ಚುಕ್ಕಿಯಾಗಿ ತೆಗೆದಿದ್ದರು. ಕೆಳಗೆ ಚೀಲದ ಮೇಲೆ ಅಚ್ಚಿನ ಅಕ್ಷರ, ಇಂಗ್ಲಿಷಿನ ಒಂದು ‘ಆರ್’. ಹೊಟ್ಟೆ ಎಡಕ್ಕೆ ಮಾಡಿ ನಿಂತಿತ್ತು, ಕನ್ನಡಿಯಲ್ಲಿ ನಿಂತ ಹಾಗೆ.

ಅದು ಹೇಗಾಗುತ್ತೆ ಅಂತ ಒಂದು ಹಳೇ ನೆಗೆಟಿವ್ ತೆಗೆದು ತೋರಿಸಿದರು. ಒಂದು ಬದಿ ಹೊಳಪು, ಇನ್ನೊಂದು ಬದಿ ಮಂಕು. ನೆಗೆಟಿವ್‌ನಿಂದ ಕಾಗದಕ್ಕೆ ಚಿತ್ರ ಇಳಿಸೋ ಎನ್‌ಲಾರ್ಜರ್‌ಗೆ ಹಾಕುವಾಗ ಮಗುಚಿ ಹಾಕಿದರೆ ಕಾಗದದ ಮೇಲೆ ಇಡೀ ಚಿತ್ರ ಕನ್ನಡಿ ಬಿಂಬವಾಗಿ ಬೀಳುತ್ತೆ. ಮುಖ ಮುಖವಾಗೇ ಇರುತ್ತೆ, ಯಾರಿಗೂ ಗೊತ್ತಾಗಲ್ಲ. ‘ಕಲಿಯುವಾಗ ನಾನೂ ಒಂದು ಮದುವೆ ಪೂರ್ತಿ ಹಿಂಗೇ ಪ್ರಿಂಟ್ ಹಾಕಿದ್ದೆ. ಗುರುಗಳು ತಲೆ ಮೇಲೆ ಮೊಟಕಿದ್ರು’ ಅಂತ ನಕ್ಕರು. ಮೌಸ್ ಒಂದು ಸಲ ಒತ್ತಿದರು. 24 ಜನರೂ ಎದ್ದು ಆ ಕಡೆಯಿಂದ ಈ ಕಡೆಗೆ ಕೂತರು. ಅಜ್ಜ ಎಡಗಡೆಯಿಂದ ಎರಡನೆಯವರಾದರು. ಮಂಡಿ ಮೇಲೆ ಇಟ್ಟಿದ್ದ ಎಡಗೈಯಲ್ಲಿ ತೋರುಬೆರಳು ಅರ್ಧ.

ಮಾವನಿಗೆ ಎರಡೂ ಪ್ರಿಂಟ್ ಕಳಿಸಿದೆ. ಅವರು ಬೆರಳು ನೋಡಲಿಲ್ಲ, ನೇರ ಚೀಲಕ್ಕೆ ಹೋದರು. 1942ರಲ್ಲಿ ಕಾಫಿ ಬೋರ್ಡು ಬಂದ ಮೇಲೆ ಬೆಳೆಗಾರರು ಕಾಫಿ ತಾವೇ ಮಾರೋ ಹಾಗಿರಲಿಲ್ಲ, ಬೋರ್ಡಿನ ಪೂಲ್‌ಗೆ, ಅಂದ್ರೆ ಎಲ್ಲರದೂ ಸೇರೋ ಒಟ್ಟು ರಾಶಿಗೆ, ಹಾಕಬೇಕಿತ್ತು. ಯಾವ ತೋಟದ್ದು ಅಂತ ಗೊತ್ತಾಗೋಕೆ ಚೀಲದ ಗುರುತು ಮುಖ್ಯ. ಮಾವ ಸರ್ವಿಸ್ ಪೂರ್ತಿ ಓದಿದ್ದು ಅದನ್ನೇ. ಅರ್ಧ ಗಂಟೆ ಬಿಟ್ಟು ಫೋನ್ ಬಂತು. ‘ಅಕ್ಕನಿಗೆ ಕೊಡು.’ ಅಕ್ಕನಿಗೆ ಏನು ಹೇಳಿದರೋ ಗೊತ್ತಿಲ್ಲ. ಅಮ್ಮ ಫೋನ್ ಇಟ್ಟು ಒಳಗೆ ಹೋಗಿ ಮುಖ ತೊಳ್ಕೊಂಡು ಬಂದರು.

ಇಲ್ಲಿಗೆ ಮುಗಿದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟು ಸುಮ್ಮನಾಗ್ತಿದ್ದೆ. ಮುಂದಿನದರಿಂದ ಒಂದು ಸ್ಟಾರ್ ಕಟ್ ಮಾಡಿದ್ದೀನಿ, ಯಾಕೆ ಅಂತ ಹೇಳ್ತೀನಿ, ಓದಿದ ಮೇಲೆ ನೀವು ನನ್ನನ್ನೇ ಬೈಬಹುದು.

ದೊಡ್ಡ ಪ್ರಿಂಟು, 12ಕ್ಕೆ 18 ಇಂಚಿನದು, ರೆಡಿಯಾದ ಮೇಲೆ ಅವರು ಅದನ್ನ ಕೌಂಟರ್ ಹಿಂದೆ ಗೋಡೆಗೆ ಕ್ಲಿಪ್ ಹಾಕಿ ನೇತುಹಾಕಿದ್ದರು. ನನ್ನನ್ನ ಕೇಳದೆ. ಬಂದವರೆಲ್ಲ ನೋಡ್ತಿದ್ದರಂತೆ. ನನ್ನ ಅಂಗಡಿಗೆ ಹೊಲಿಯೋಕೆ ಕೊಟ್ಟ ಬ್ಲೌಸನ್ನ ನಾನು ಬೊಂಬೆಗೆ ಹಾಕಿ ರಸ್ತೆಗೆ ನಿಲ್ಲಿಸಿದರೆ ಗಿರಾಕಿ ಸುಮ್ಮನಿರ್ತಾರಾ? ಇದು ತಪ್ಪು, ಅವರ ಮುಖಕ್ಕೇ ಹೇಳಿದ್ದೀನಿ, ಅವರೂ ಒಪ್ಪಿಕೊಂಡು ಈಗ ಮೊದಲೇ ಕೇಳ್ತಾರೆ.

ಆದರೆ ಆ ನಾಲ್ಕು ದಿನದಲ್ಲಿ ಒಬ್ಬರು ಬಂದರು. ಸಕಲೇಶಪುರ ತಾಲ್ಲೂಕಿನವರು, ಮಗಳು ಇಲ್ಲಿ ಕಾಲೇಜಲ್ಲಿ ಓದ್ತಾಳೆ, ಹಾಸ್ಟೆಲ್ ಅರ್ಜಿಗೆ ಅವಳ ಫೋಟೋ ತೆಗೆಸೋಕೆ ಕರ್ಕೊಂಡು ಬಂದಿದ್ದರು. ಮಗಳು ನೀಲಿ ಪರದೆ ಮುಂದೆ ಕೂತಿದ್ದಾಗ ಇವರು ಗೋಡೆ ನೋಡಿ, ‘ಇದು ನಮ್ಮನೇಲಿ ಇರೋ ಫೋಟೋ! ಇದರಲ್ಲಿ ನಮ್ಮಜ್ಜಿ ಇದಾರೆ’ ಅಂದರಂತೆ.

ಮಾಲೀಕರು ಆಗ ಮಾಡಿದ ಕೆಲಸ ನನಗೆ ಇಷ್ಟವಾಯಿತು. ನನ್ನ ನಂಬರ್ ಕೊಡಲಿಲ್ಲ, ಹೆಸರೂ ಹೇಳಲಿಲ್ಲ. ಅವರ ನಂಬರ್ ಬರ್ಕೊಂಡು, ಕೊಡಬಹುದಾ ಅಂತ ಅವರನ್ನೂ ಕೇಳಿ, ನನಗೆ ಫೋನ್ ಮಾಡಿ, ‘ಬೇಕಿದ್ರೆ ನೀವೇ ಮಾಡಿ, ಬೇಡ ಅಂದ್ರೆ ಈ ಚೀಟಿ ಹರಿದು ಹಾಕ್ತೀನಿ’ ಅಂದ್ರು. ನೇತುಹಾಕುವಾಗ ಇಲ್ಲದ ಬುದ್ಧಿ ಆಮೇಲೆ ಬಂದಿತ್ತು.

ಅಮ್ಮನೇ ಮಾತಾಡಿದ್ದು, ಇಸ್ತ್ರಿ ಟೇಬಲ್ ಮೇಲೆ ಫೋನ್ ಇಟ್ಟು, ಸ್ಪೀಕರ್ ಹಾಕಿ. ನಮ್ಮ ಕಡೆ ನೆಂಟಸ್ತನದ ತನಿಖೆ ಶುರುವಾಗೋದೇ ಒಂದು ಪ್ರಶ್ನೆಯಿಂದ.

‘ನಿಮ್ಮ ಮನೆದೇವರು ಯಾವುದಪ್ಪ?’

ಅವರು ಯಾವುದೋ ಬೇರೆ ದೇವರ ಹೆಸರು ಹೇಳಿದರು. ಅಮ್ಮನ ಮುಖ ಇಳೀತು. ಆಮೇಲೆ ಅವರೇ, ‘ಅದು ನಮ್ಮ ತಾತನ ಕಡೇದು. ಅಜ್ಜಿ ತವರು ಮನೆ ದೇವರು ಅಂತರಘಟ್ಟಮ್ಮ. ಕಡೂರು ಹತ್ರ. ಜಾತ್ರೆಗೆ ಪಾನಕದ ಗಾಡಿ ಹೋಗುತ್ತಲ್ಲ, ಅದನ್ನ ಸಾಯೋವರೆಗೂ ಹೇಳ್ತಿದ್ರು’ ಅಂದರು.

ಅಂತರಘಟ್ಟಮ್ಮ ನಮ್ಮಜ್ಜನ ಮನೆದೇವರು. ಅಷ್ಟಕ್ಕೇ ನೆಂಟರಾಗಲ್ಲ, ಆ ತಾಯಿಗೆ ನಡ್ಕೊಳ್ಳೋ ಮನೆ ಆ ಕಡೆ ಎಷ್ಟೋ ಇವೆ. ಆದರೆ ಅಜ್ಜನಿಗೆ ಒಬ್ಬ ಅಕ್ಕ ಇದ್ದಳು ಅಂತ ನಮಗೆ ಗೊತ್ತಿತ್ತು. ಇಬ್ಬರೂ ಒಟ್ಟಿಗೇ ಘಟ್ಟ ಹತ್ತಿದವರು. ಮುಂಗಡದ ದುಡ್ಡಿನ ವಿಷಯಕ್ಕೋ ಏನೋ ಮಾತು ಬಂದು, ಅವಳು ಗಂಡನ ಜೊತೆ ಬೇರೆ ತೋಟಕ್ಕೆ ಹೋದಳು, ಆಮೇಲೆ ಸುದ್ದಿ ಇಲ್ಲ. ಅಜ್ಜ ಅವಳ ಮಾತು ಎತ್ತಿದರೆ ಎದ್ದು ಹೊರಗೆ ಹೋಗ್ತಿದ್ದರಂತೆ. ಅಮ್ಮ ಇದ್ಯಾವುದನ್ನೂ ಬಾಯಿ ಬಿಡದೆ, ಬುದ್ಧಿವಂತಿಕೆಯಿಂದ, ‘ನಿಮ್ಮಜ್ಜಿ ತವರಿನವರ ಬಗ್ಗೆ ಏನಾದ್ರೂ ಹೇಳ್ತಿದ್ರಾ?’ ಅಂತ ಮಾತ್ರ ಕೇಳಿದರು.

‘ಒಬ್ಬ ತಮ್ಮ ಇದ್ದ ಅಂತಿದ್ರು. ಬೆರಳಿಲ್ಲದ ತಮ್ಮ.’

ನಾನು ಮಷೀನ್ ನಿಲ್ಲಿಸಿದೆ. ಹೊರಗೆ ಆಟೋದವನು ಹಾರ್ನ್ ಹೊಡೀತಾನೇ ಇದ್ದ.

ಮುಂದಿನ ಭಾನುವಾರ ಅವರು ಹೆಂಡತಿ, ಮಗಳ ಜೊತೆ ಬಂದರು, ಒಂದು ಗೊನೆ ಬಾಳೆಹಣ್ಣು, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅವರ ಫೋಟೋ. ಎಲ್ಲರೂ ಸೇರಿ ಆ ಫೋಟೋ ಅಂಗಡಿಗೇ ಹೋದೆವು, ಹೋಲಿಸಿ ನೋಡೋಕೆ. ಅವರ ಪ್ರತಿಗೆ ಯಾವಾಗಲೋ ಲ್ಯಾಮಿನೇಷನ್ ಮಾಡಿಸಿದ್ದರು. ಒಳಗೆಲ್ಲ ಗುಳ್ಳೆ. ಮಾಲೀಕರ ಮುಖ ಹಾಗಲಕಾಯಿ ತಿಂದ ಹಾಗಾಯಿತು. ಬಿಸಿ ಹಾಕಿ ಅಂಟಿಸಿದ ಪ್ಲಾಸ್ಟಿಕ್ಕನ್ನ ಆಮೇಲೆ ಬಿಡಿಸೋಕೆ ಹೋದರೆ ಫೋಟೋ ಉಳಿಯಲ್ಲ ಅಂತ ಅಲ್ಲಿದ್ದ ಎಲ್ಲರಿಗೂ ಕೇಳೋ ಹಾಗೆ ಹೇಳಿದರು. ದಯವಿಟ್ಟು ಯಾರೂ ಮಾಡಿಸಬೇಡಿ. ಆದರೆ ಅದು ಸರಿಯಾದ ಕಡೆಗೆ ಪ್ರಿಂಟ್ ಆದ ಪ್ರತಿ. ಪೆನ್ನು ಎಡಗಡೆ, ಅಜ್ಜ ಎಡಗಡೆಯಿಂದ ಎರಡನೆಯವರು, ಅವರ ಪಕ್ಕದಲ್ಲೇ, ಮೂರನೆಯವರು, ಕುಕ್ಕೆ ಹಿಡಿದ ಹೆಂಗಸು. ಅವರ ಅಜ್ಜಿ. ನಮ್ಮ ಪ್ರತಿಯಲ್ಲಿ ಒಂದು ತಿಂಗಳಿಂದ ನಾವು ನೋಡ್ತಾನೇ ಇದ್ದ ಮುಖ. ಕಿವಿ ನೋಡಿ ಅಂದರು ಅಮ್ಮ. ಇಬ್ಬರದೂ ಕಿವಿ ಮುಂದಕ್ಕೆ ಬಾಗಿದ ಮೊರದ ಹಾಗೆ. ನನ್ನ ಮಗನದೂ ಹಾಗೇ.

ನಮ್ಮ ಪ್ರತಿಯಲ್ಲಿ ಶಾರದಮ್ಮನ ಪಟದ ಚೂರು ಅಂಟಿದ್ದ ಮೂಲೆ ಇತ್ತಲ್ಲ, ಅದರ ಕೆಳಗೆ ಯಾರಿದ್ದಾರೋ ಅಂತ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಅವರ ಪ್ರತಿಯಲ್ಲಿ ಆ ಜಾಗದಲ್ಲಿ ಒಂದು ನಾಯಿ ಮಲಗಿದೆ.

ದೊಡ್ಡಮ್ಮನಿಗೆ ಮಂಡಿ ನೋವು, ಆ ಮೆಟ್ಟಿಲು ಸಾಧ್ಯವೇ ಇಲ್ಲ. (ವಯಸ್ಸಾದವರನ್ನ ಕರ್ಕೊಂಡು ಹೋಗೋರು ಇದನ್ನ ಗಮನಿಸಿ.) ಮಾಲೀಕರೇ ದೊಡ್ಡ ಪ್ರಿಂಟ್ ತಗೊಂಡು ಕೆಳಗಿಳಿದು ಬಂದರು. ಪಾತ್ರೆ ಅಂಗಡಿಯವರು ಕುರ್ಚಿ ಕೊಟ್ಟರು. ಇಡ್ಲಿ ಪಾತ್ರೆ, ಕೊಪ್ಪರಿಗೆ, ಸ್ಟೀಲ್ ಡಬ್ಬಿಗಳ ಮಧ್ಯೆ ಕೂತು ದೊಡ್ಡಮ್ಮ ತೊಡೆ ಮೇಲೆ ಫೋಟೋ ಇಟ್ಕೊಂಡರು. ಅಪ್ಪನನ್ನ ನೋಡಿದರು, ಅತ್ತೆಯನ್ನ ನೋಡಿದರು, ಕೊನೆಗೆ ಮಸುಕಾದ ಜೋಲಿ ಮೇಲೆ ಕೈ ಇಟ್ಟು, ‘ಇದರೊಳಗೆ ನಾನಿದೀನಿ’ ಅಂದರು. ಅವರ ಆಧಾರ್‌ನಲ್ಲಿ ಹುಟ್ಟಿದ ವರ್ಷ 1957 ಅಂತಿದೆ, ನಿಜ ಅಂತರಘಟ್ಟಮ್ಮನಿಗೇ ಗೊತ್ತು. ಫೋಟೋ ಯಾವ ವರ್ಷದ್ದು ಅಂತಲೂ ಬರೆದಿಲ್ಲ. ಜೋಲಿಯಲ್ಲಿ ಯಾರ ಮಗು ಬೇಕಾದರೂ ಇರಬಹುದು. ಮಾವ ಅದನ್ನ ಹೇಳೋಕೆ ಬಾಯಿ ತೆಗೆದರು, ಅಮ್ಮ ಕಣ್ಣು ಬಿಟ್ಟರು, ಮುಚ್ಚಿಕೊಂಡರು.

ನೆಂಟಸ್ತನ ಲೆಕ್ಕ ಹಾಕಿದ್ದೂ ಅಲ್ಲೇ. ‘ನಿಮ್ಮಪ್ಪ ನಮಗೆ ಸೋದರತ್ತೆ ಮಗ ಆಗಬೇಕು. ಹಂಗಾದ್ರೆ ನೀನು ನಮಗೆ ಮಗನ ಲೆಕ್ಕ, ಇವಳಿಗೆ ಅಣ್ಣ’ ಅಂತ ಅಮ್ಮ ಅರ್ಧ ನಿಮಿಷದಲ್ಲಿ ಇತ್ಯರ್ಥ ಮಾಡಿದರು. ದೊಡ್ಡಮ್ಮ ಫೋಟೋದಿಂದ ತಲೆ ಎತ್ತದೆ, ‘ಆಗಲೇ ಜಗಳ ಆಡದೆ ಇದ್ದಿದ್ರೆ ನಮ್ಮಪ್ಪ ನನ್ನ ಆ ಅತ್ತೆ ಮಗನಿಗೇ ಕೊಡ್ತಿದ್ದ. ಈ ಆಲ್ದೂರು ತಪ್ತಿತ್ತು’ ಅಂದರು. ಪಾತ್ರೆ ಅಂಗಡಿಯವರೂ ನಕ್ಕರು.

ಇನ್ನು ಲೆಕ್ಕ. ಸ್ಕ್ಯಾನ್ 150, ಸರಿ ಮಾಡಿದ್ದಕ್ಕೆ 1,800, ದೊಡ್ಡ ಪ್ರಿಂಟ್ 650, ಫ್ರೇಮ್ 1,100. ಒಟ್ಟು 3,700. ಕಮ್ಮಿ ಅಲ್ಲ, ಆದರೆ ಹತ್ತಿರ ಹತ್ತಿರ ಎರಡು ತಿಂಗಳು ಅದರ ಮೇಲೆ ಕಣ್ಣಿಟ್ಟ ಮನುಷ್ಯನಿಗೆ ಜಾಸ್ತಿ ಅಂತ ನನಗೆ ಅನ್ನಿಸಲಿಲ್ಲ. ಚೌಕಾಸಿ ಮಾಡಿದೆ, 200 ಬಿಟ್ಟರು. ಬಿಲ್ ಕೇಳಿ ಪಡೀಬೇಕು, ತಾವಾಗಿ ಕೊಡಲ್ಲ. ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ ಬಾಗಿಲು ಹಾಕಿರುತ್ತೆ, ಊಟಕ್ಕೆ ಮನೆಗೆ ಹೋಗ್ತಾರೆ. ಫ್ರೇಮಿಗೆ ಗಾಜಿಗೂ ಫೋಟೋಗೂ ಮಧ್ಯೆ ಕಾರ್ಡಿನ ಅಂಚು ಕೊಟ್ಟು ಒಂಚೂರು ಸಂದು ಬಿಟ್ಟಿದ್ದಾರೆ, ಮತ್ತೆ ಅಂಟಿಕೊಳ್ಳದಿರಲಿ ಅಂತ. ಮಳೆಗಾಲದಲ್ಲಿ ಹೊರಗೋಡೆಗೆ ನೇತುಹಾಕಬೇಡಿ, ಒಳಗೋಡೆಗೆ ಹಾಕಿ ಅಂತ ಮೂರು ಸಲ ಹೇಳಿದರು. ಮೂಲ ಫೋಟೋವನ್ನ ಬಿಳಿ ಕಾಗದದಲ್ಲಿ ಸುತ್ತಿ, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕೊಟ್ಟರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಫೈಲನ್ನ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ವಾಟ್ಸ್ಯಾಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಆ 7800 ಚುಕ್ಕಿ ಎಲ್ಲಿಗೋ ಹೋಗುತ್ತೆ, ಬೆರಳೇ ಕಾಣಲ್ಲ. ನಾನು ಮೊದಲು ಆ ತಪ್ಪು ಮಾಡಿದೆ.

ನೀಲಿ ಶಾಯಿಯ ಗೀಟನ್ನೂ ಅವರು ಅಳಿಸಿಲ್ಲ. ಅದು ಇರೋದು ಅಜ್ಜನ ತಲೆ ಮೇಲಲ್ಲ, ಅಜ್ಜನ ಅಕ್ಕನ ತಲೆ ಮೇಲೂ ಅಲ್ಲ. ಹಿಂದಿನ ಸಾಲಿನ ಕೊನೆಯಲ್ಲಿ ನಿಂತ ಒಬ್ಬ ಹುಡುಗನ ಮೇಲೆ, ಹದಿನಾಲ್ಕು ಹದಿನೈದು ಇರಬಹುದು, ಕೈಲಿ ಪೊರಕೆ. ಅಮ್ಮನಿಗೆ ಗೊತ್ತಿಲ್ಲ, ದೊಡ್ಡಮ್ಮನಿಗೆ ಗೊತ್ತಿಲ್ಲ, ಸಕಲೇಶಪುರದ ಅಣ್ಣನಿಗೂ ಗೊತ್ತಿಲ್ಲ. ಅವರ ಪ್ರತಿಯಲ್ಲಿ ಗೀಟಿಲ್ಲ. ಆ ಮುಖ ಒಂದನ್ನೇ ಬೇರೆ ಪ್ರಿಂಟ್ ಹಾಕಿಸಿದ್ದೀನಿ, 60 ರೂಪಾಯಿ. ಅಣ್ಣನ ಮನೆ ಹತ್ತಿರ ಆ ಕಾಲದ ಲೈನ್‌ನಲ್ಲಿ ಇದ್ದ ಒಬ್ಬ ಅಜ್ಜಿ ಇನ್ನೂ ಇದ್ದಾರಂತೆ, ಕಣ್ಣು ಚೆನ್ನಾಗಿ ಕಾಣುತ್ತಂತೆ. ಬರೋ ತಿಂಗಳು ಹೋಗ್ತಾ ಇದ್ದೀವಿ.